ಎಂಜಿನ್ ಪುನರ್ನಿರ್ಮಾಣ: ಹೆಚ್ಚಿನ ಶಕ್ತಿಗಾಗಿ ಬಿಡಿಭಾಗಗಳ ಆಯ್ಕೆ ಮತ್ತು ಸಿದ್ಧತೆ

ಓಡಿ ಸವೆದ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಕಾರ್ಖಾನೆ ಕೊಟ್ಟಿದ್ದಕ್ಕಿಂತ ಹೆಚ್ಚಿನ ಶಕ್ತಿ ಹೊಮ್ಮುವಂತೆ ಮತ್ತೆ ಕಟ್ಟುವ ಕೆಲಸ ಇದು. ಸಾಮಾನ್ಯ ಓವರ್‌ಹಾಲ್‌ನಲ್ಲಿ ಸವೆದ ಭಾಗಗಳನ್ನು ಮೂಲ ಅಳತೆಗೆ ತಂದರೆ ಕೆಲಸ ಮುಗಿಯಿತು. ಇಲ್ಲಿ ಮೂಲ ಅಳತೆಯನ್ನೇ ಬದಲಿಸಲಾಗುತ್ತದೆ. ಸಿಲಿಂಡರಿನ ಗಾತ್ರ, ಪಿಸ್ಟನ್ನಿನ ಲೋಹ, ಕಂಪ್ರೆಷನ್ ಪ್ರಮಾಣ, ವಾಲ್ವ್ ತೆರೆದಿರುವ ಹೊತ್ತು ಎಲ್ಲವನ್ನೂ ಕಟ್ಟುವವನೇ ತೀರ್ಮಾನಿಸಬೇಕು. ಒಂದನ್ನು ಬದಲಿಸಿದರೆ ಉಳಿದವೂ ಬದಲಾಗುತ್ತವೆ. ಹೀಗಾಗಿ ದುಬಾರಿ ಭಾಗಗಳನ್ನೆಲ್ಲ ಕೊಂಡು ಜೋಡಿಸಿದ ಎಂಜಿನ್ನಿಗಿಂತ ಸಾಧಾರಣ ಭಾಗಗಳನ್ನು ಅಳೆದು, ಹೊಂದಿಸಿ ಕಟ್ಟಿದ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಕೊಳ್ಳುವ ಪಟ್ಟಿಗಿಂತ ಮೊದಲು ಅಳತೆಯ ಪಟ್ಟಿ ತಯಾರಾಗಬೇಕು.

ಹಿನ್ನೆಲೆ

ಈ ವಿದ್ಯೆ ಜನಸಾಮಾನ್ಯರ ಕೈಗೆ ಬಂದದ್ದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೆ ವಿ-8 ಎಂಜಿನ್ ಕೂರಿಸಿತು. ಹಳೆಯ ಕಾರುಗಳನ್ನು ಕೊಂಡ ಯುವಕರು ಅವುಗಳ ಎಂಜಿನ್ ಬಿಚ್ಚಿ, ತಿದ್ದಿ, ಮುರಾಕ್‌ನಂಥ ಒಣಕೆರೆಗಳ ಬಯಲಿನಲ್ಲಿ ಓಡಿಸಿ ವೇಗ ನೋಡುತ್ತಿದ್ದರು. ಈ ಓಟಗಳಿಗೆ ನಿಯಮ ತರಲೆಂದು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ವಿಕ್ ಎಡೆಲ್‌ಬ್ರಾಕ್ ಇನ್‌ಟೇಕ್ ಮ್ಯಾನಿಫೋಲ್ಡುಗಳನ್ನೂ ಎಡ್ ಇಸ್ಕೆಂಡೇರಿಯನ್ ಕ್ಯಾಮ್‌ಶಾಫ್ಟುಗಳನ್ನೂ ಮಾಡಿ ಮಾರತೊಡಗಿದರು. ಬಿಡಿಭಾಗಗಳ ಒಂದು ಉದ್ಯಮವೇ ಅಲ್ಲಿಂದ ಬೆಳೆಯಿತು.

1955ರಲ್ಲಿ ಷೆವರ್ಲೆ ಕಂಪನಿ ಎಡ್ ಕೋಲ್ ಅವರ ನೇತೃತ್ವದಲ್ಲಿ 265 ಘನ ಅಂಗುಲದ, ಅಂದರೆ ಸುಮಾರು 4.3 ಲೀಟರಿನ, ಹೊಸ ವಿ-8 ತಂದಿತು. ‘ಸ್ಮಾಲ್ ಬ್ಲಾಕ್’ ಎಂದು ಹೆಸರಾದ ಈ ಎಂಜಿನ್ 1967ರ ಹೊತ್ತಿಗೆ 350 ಘನ ಅಂಗುಲಕ್ಕೆ (5.7 ಲೀಟರ್) ಬೆಳೆಯಿತು. ಒಂದು ವರ್ಷದ ಭಾಗ ಇನ್ನೊಂದು ವರ್ಷದ ಎಂಜಿನ್ನಿಗೂ ಬಹುಮಟ್ಟಿಗೆ ಹೊಂದುತ್ತಿತ್ತು. ಗುಜರಿ ಅಂಗಳದಲ್ಲೂ ಅಗ್ಗವಾಗಿ ಸಿಗುತ್ತಿತ್ತು. ಎಂಜಿನ್ ಕಟ್ಟುವುದನ್ನು ಹಲವು ತಲೆಮಾರುಗಳು ಕಲಿತದ್ದು ಇದರ ಮೇಲೆಯೇ. ಈ ಲೇಖನದ ಲೆಕ್ಕಗಳಿಗೂ 350ರ ಎಂಜಿನ್ನನ್ನೇ ಆಧಾರವಾಗಿ ಇಟ್ಟುಕೊಳ್ಳಲಾಗಿದೆ. ಅದರ ಬೋರ್ (ಸಿಲಿಂಡರಿನ ವ್ಯಾಸ) 101.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 88.4 ಮಿ.ಮೀ.

ಗುರಿ ಮತ್ತು ಆರ್‌ಪಿಎಂ

ಎಂಜಿನ್ ಯಾವ ಕೆಲಸಕ್ಕೆ ಎಂಬುದು ಮೊದಲು ತೀರ್ಮಾನವಾಗಬೇಕು. ದಿನನಿತ್ಯ ರಸ್ತೆಯಲ್ಲಿ ಓಡುವ ಕಾರಿಗೆ 2000ದಿಂದ 5000 ಆರ್‌ಪಿಎಂ ನಡುವೆ ಎಳೆತ ಬೇಕು. ಕಾಲು ಮೈಲಿಯ ಓಟಕ್ಕೆ 4000ದಿಂದ 7000ದ ನಡುವೆ ಬೇಕು. ಎರಡೂ ಒಂದೇ ಎಂಜಿನ್ನಿನಲ್ಲಿ ಸಿಗುವುದಿಲ್ಲ. ಶಕ್ತಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂಗಳ ಗುಣಲಬ್ಧ. ಟಾರ್ಕ್ ಹೆಚ್ಚಿಸಲು ಹೋದರೆ ಎಂಜಿನ್ನಿನ ಗಾತ್ರವೂ ಕಂಪ್ರೆಷನ್ನೂ ಹಾಕುವ ಮಿತಿ ಬೇಗ ಬರುತ್ತದೆ. ಆದ್ದರಿಂದ ಎಲ್ಲರ ಕಣ್ಣೂ ಆರ್‌ಪಿಎಂ ಮೇಲೆ ಬೀಳುತ್ತದೆ. ಅಪಾಯ ಇರುವುದೂ ಅಲ್ಲೇ.

350ರ ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.7 ಮೀಟರ್. ಪ್ರತಿ ಸುತ್ತಿನಲ್ಲೂ ಅದು ಮೇಲೊಮ್ಮೆ, ಕೆಳಗೊಮ್ಮೆ ಪೂರ್ತಿ ನಿಂತು ಹಿಂದಿರುಗುತ್ತದೆ. ಪಿಸ್ಟನ್, ಪಿನ್, ರಿಂಗು ಮತ್ತು ಕನೆಕ್ಟಿಂಗ್ ರಾಡಿನ ಮೇಲ್ತುದಿ ಸೇರಿ 900 ಗ್ರಾಂ ಎಂದುಕೊಂಡರೆ, ಮೇಲಿನ ತುದಿಯಲ್ಲಿ ಅದನ್ನು ತಡೆದು ಕೆಳಗೆಳೆಯಲು ಬೇಕಾಗುವ ಬಲ ಸುಮಾರು 2 ಟನ್. ಆರ್‌ಪಿಎಂ 7000ಕ್ಕೆ ಏರಿದರೆ ಅದೇ ಬಲ ಸುಮಾರು 2.8 ಟನ್ ಆಗುತ್ತದೆ, ಏಕೆಂದರೆ ಅದು ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಂತೂ ಪಿಸ್ಟನ್ನನ್ನು ಕೆಳಕ್ಕೆ ಒತ್ತುವ ಅನಿಲದ ಒತ್ತಡ ಇರುವುದಿಲ್ಲ. ಇಡೀ ಎಳೆತ ರಾಡಿನ ಕೆಳತುದಿಯ ಎರಡು ಬೋಲ್ಟುಗಳ ಮೇಲೆ ಬೀಳುತ್ತದೆ.

ಇಡೀ ಎಂಜಿನ್ನಿನಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚಿನ ರಕ್ಷಣೆ ಕೊಡುವ ಭಾಗಗಳು ಆ ಬೋಲ್ಟುಗಳು. ಒಂದು ತುಂಡಾದರೆ ರಾಡ್ ಬಿಡಿಸಿಕೊಂಡು ಬ್ಲಾಕಿನ ಗೋಡೆಯನ್ನೇ ತೂತು ಮಾಡಿ ಹೊರಬರುತ್ತದೆ, ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಹಳೆಯ ಬೋಲ್ಟು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಲೋಹ ದಣಿದಿರುತ್ತದೆ. ಕ್ಯಾಮ್‌ಶಾಫ್ಟಿಗೂ ಕಾರ್ಬುರೇಟರಿಗೂ ದುಡ್ಡು ಸುರಿದು ಹಳೆಯ ರಾಡ್ ಬೋಲ್ಟುಗಳನ್ನೇ ಮತ್ತೆ ಬಿಗಿಯುವವರು ಇಂದಿಗೂ ಇದ್ದಾರೆ. ಅದು ತಪ್ಪು ಉಳಿತಾಯ. ಹೊಸ ಬೋಲ್ಟು ಹಾಕಿದ ಮೇಲೆ ರಾಡಿನ ಕ್ಯಾಪ್ ಕೂರುವ ಜಾಗ ಕೊಂಚ ಸರಿಯುತ್ತದೆ. ಹಾಗಾಗಿ ಕೆಳತುದಿಯ ರಂಧ್ರವನ್ನು ಮತ್ತೆ ಹೋನ್ ಮಾಡಿಸಿ, ಅಂದರೆ ಸಾಣೆಕಲ್ಲಿನಿಂದ ಉಜ್ಜಿಸಿ, ದುಂಡಗೆ ತರುವುದು ಕಡ್ಡಾಯ. ಬಿಗಿಯುವಾಗ ಟಾರ್ಕ್ ರೆಂಚಿನ ಬಲದ ಬಹುಪಾಲು ಘರ್ಷಣೆಗೇ ಹೋಗುತ್ತದೆ. ಬೋಲ್ಟು ಎಷ್ಟು ಉದ್ದವಾಯಿತೆಂದು ಸ್ಟ್ರೆಚ್ ಗೇಜಿನಿಂದ ಅಳೆದು ಬಿಗಿಯುವುದೇ ಹೆಚ್ಚು ನಂಬಿಕೆಯ ಕ್ರಮ.

ಬ್ಲಾಕ್

ಬಿಚ್ಚುವಾಗಲೇ ಪರೀಕ್ಷೆ ಶುರುವಾಗುತ್ತದೆ. ಮೇನ್ ಕ್ಯಾಪ್, ರಾಡ್ ಕ್ಯಾಪ್ ಎಲ್ಲಕ್ಕೂ ಸಂಖ್ಯೆ ಹೊಡೆಯಬೇಕು. ಒಂದರದ್ದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಹಳೆಯ ಬೇರಿಂಗ್ ಚಿಪ್ಪುಗಳನ್ನು ಎಸೆಯುವ ಮೊದಲು ಸಾಲಾಗಿ ಇಟ್ಟು ನೋಡಬೇಕು. ಒಂದೇ ಅಂಚಿನಲ್ಲಿ ಸವೆದಿದ್ದರೆ ರಾಡ್ ಬಾಗಿದೆ ಅಥವಾ ಕ್ರ್ಯಾಂಕ್ ಜರ್ನಲ್ ಓರೆಯಾಗಿದೆ ಎಂದರ್ಥ. ಬ್ಲಾಕನ್ನು ತೊಳೆಸಿದ ಮೇಲೆ ಕಾಂತೀಯ ಪರೀಕ್ಷೆಯಿಂದ ಬಿರುಕು ಹುಡುಕಲಾಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಕಾಂತ ಹತ್ತುವುದಿಲ್ಲವಾದ್ದರಿಂದ ಬಣ್ಣದ ದ್ರವದ ಪರೀಕ್ಷೆ ಬೇಕು. ಸಿಲಿಂಡರ್ ಗೋಡೆಯ ದಪ್ಪವನ್ನು ಶಬ್ದತರಂಗದಿಂದ ಅಳೆಯಬಹುದು.

ಸ್ಮಾಲ್ ಬ್ಲಾಕನ್ನು ಸಾಮಾನ್ಯವಾಗಿ 0.76 ಮಿ.ಮೀ. ದೊಡ್ಡದಾಗಿ ಬೋರ್ ಮಾಡಿಸುತ್ತಾರೆ. ಅದರ ದುಪ್ಪಟ್ಟು, ಅಂದರೆ 1.52 ಮಿ.ಮೀ.ವರೆಗೆ ಹೋಗಬಹುದಾದರೂ ಗೋಡೆ ತೆಳುವಾಗಿ ಬಿಸಿ ಏರುವ ಭಯ ಇರುತ್ತದೆ. ಎಷ್ಟು ಸವೆತ ಹೋಗಲಾಡಿಸಬೇಕೋ ಅಷ್ಟೇ ಕೊರೆಸುವುದು ವಿವೇಕ. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಬಾರದು. ಪೆಟ್ಟಿಗೆಯ ಮೇಲೆ ಬರೆದ ಅಳತೆಗೂ ಒಳಗಿನ ಪಿಸ್ಟನ್ನಿನ ನಿಜವಾದ ಅಳತೆಗೂ ವ್ಯತ್ಯಾಸ ಇರಬಹುದು. ಪ್ರತಿ ಪಿಸ್ಟನ್ನನ್ನೂ ಮೈಕ್ರೊಮೀಟರಿನಿಂದ ಅಳೆದು, ಅದರ ಸಿಲಿಂಡರನ್ನು ಅದಕ್ಕೇ ಹೊಂದಿಸಿ ಹೋನ್ ಮಾಡಿಸುವುದು ಸರಿಯಾದ ಕ್ರಮ. ಹೆಡ್ಡಿನ ಬೋಲ್ಟು ಬಿಗಿದಾಗ ಸಿಲಿಂಡರಿನ ಮೇಲ್ಭಾಗ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಒಳ್ಳೆಯ ಬೋರಿಂಗ್ ಅಂಗಡಿಗಳು ಹೆಡ್ಡಿನ ಬದಲಿಗೆ ದಪ್ಪನೆಯ ಟಾರ್ಕ್ ಪ್ಲೇಟ್ ಬಿಗಿದು ಹೋನ್ ಮಾಡುವುದು ಇದಕ್ಕಾಗಿಯೇ.

ಪಿಸ್ಟನ್ ಮತ್ತು ಕ್ರ್ಯಾಂಕ್

ಪಿಸ್ಟನ್ನಿನ ಲೋಹವೇ ಅದರ ಸುತ್ತಲಿನ ಸಂದು ಎಷ್ಟಿರಬೇಕೆಂದು ಹೇಳುತ್ತದೆ. ಸಿಲಿಕಾನ್ ಹೆಚ್ಚಿರುವ ಹೈಪರ್‌ಯುಟೆಕ್ಟಿಕ್ ಎರಕದ ಪಿಸ್ಟನ್ ಬಿಸಿಗೆ ಕಡಿಮೆ ಹಿಗ್ಗುತ್ತದೆ. ಅದಕ್ಕೆ 0.04–0.05 ಮಿ.ಮೀ. ಸಂದು ಸಾಕು, ತಣ್ಣಗಿದ್ದಾಗಲೂ ಸದ್ದು ಮಾಡುವುದಿಲ್ಲ. ಆದರೆ ಒಳಗೆ ಮಿಶ್ರಣ ಸಮನಾಗಿ ಉರಿಯದೆ ಸಿಡಿದು ನಾಕಿಂಗ್ ಶುರುವಾದರೆ ಬಿರುಕು ಬಿಡುತ್ತದೆ. ಫೋರ್ಜ್ ಮಾಡಿದ ಪಿಸ್ಟನ್ನುಗಳಲ್ಲಿ ಎರಡು ಮಿಶ್ರಲೋಹಗಳು ಹೆಚ್ಚು ಬಳಕೆಯಲ್ಲಿವೆ. ಸುಮಾರು ಶೇ. 12 ಸಿಲಿಕಾನ್ ಇರುವ 4032 ರಸ್ತೆಯ ಎಂಜಿನ್ನಿಗೆ ಒಪ್ಪುತ್ತದೆ. ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ ಇರುವ 2618 ಪೆಟ್ಟು ತಾಳುತ್ತದೆ, ಹೆಚ್ಚು ಹಿಗ್ಗುತ್ತದೆ, 0.10–0.13 ಮಿ.ಮೀ. ಸಂದು ಕೇಳುತ್ತದೆ. ಅದು ಬಿಸಿಯಾಗುವವರೆಗೆ ಸಿಲಿಂಡರಿನೊಳಗೆ ಬಡಿಯುತ್ತದೆ, ಬೇಗ ಸವೆಯುತ್ತದೆ. ಟರ್ಬೊ ಅಥವಾ ನೈಟ್ರಸ್ ಇಲ್ಲದ ರಸ್ತೆಯ ಎಂಜಿನ್ನಿಗೆ 2618 ಹಾಕಿಸುವ ಅಗತ್ಯವಿಲ್ಲ.

ಕ್ರ್ಯಾಂಕ್‌ಶಾಫ್ಟಿನಲ್ಲಿ ಎರಕದ್ದು, ಫೋರ್ಜ್ ಮಾಡಿದ್ದು ಎಂದು ಎರಡು ಬಗೆ. ಮಧ್ಯಮ ಶಕ್ತಿಯ ಎಂಜಿನ್ನಿಗೆ ಬಿರುಕಿಲ್ಲದ ಎರಕದ ಕ್ರ್ಯಾಂಕ್ ಧಾರಾಳವಾಗಿ ಸಾಕು. ಜರ್ನಲ್ ಸವೆದಿದ್ದರೆ 0.25 ಮಿ.ಮೀ. ಕಿರಿದಾಗಿ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕುತ್ತಾರೆ. ಗ್ರೈಂಡ್ ಮಾಡುವಾಗ ಜರ್ನಲ್ಲಿನ ಮೂಲೆಯ ದುಂಡನ್ನು ಕಡಿದು ಚೂಪು ಮಾಡಿದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಸ್ಮಾಲ್ ಬ್ಲಾಕಿನ ಅತಿ ಪ್ರಸಿದ್ಧ ಮಾರ್ಪಾಡು ‘383 ಸ್ಟ್ರೋಕರ್’. ಷೆವರ್ಲೆಯದೇ 400 ಘನ ಅಂಗುಲದ ಎಂಜಿನ್ನಿನ ಕ್ರ್ಯಾಂಕಿಗೆ 95.25 ಮಿ.ಮೀ. ಸ್ಟ್ರೋಕ್ ಇದೆ. ಅದರ ಮೇನ್ ಜರ್ನಲ್‌ಗಳನ್ನು 67.3ರಿಂದ 62.2 ಮಿ.ಮೀ.ಗೆ ಇಳಿಸಿ, 0.76 ಮಿ.ಮೀ. ಹೆಚ್ಚು ಬೋರ್ ಮಾಡಿದ 350ರ ಬ್ಲಾಕಿನಲ್ಲಿ ಕೂರಿಸಿದರೆ ಎಂಜಿನ್ 6.3 ಲೀಟರ್ ಆಗುತ್ತದೆ. ಆರ್‌ಪಿಎಂ ಏರಿಸದೆ ಟಾರ್ಕ್ ಪಡೆಯುವ ಉಪಾಯವಿದು. ಆದರೆ ರಾಡಿನ ಬೋಲ್ಟುಗಳು ಈಗ ಬ್ಲಾಕಿನ ಕೆಳ ಅಂಚಿಗೂ ಕ್ಯಾಮ್‌ಶಾಫ್ಟಿಗೂ ತಾಗುವಷ್ಟು ಹತ್ತಿರ ಬರುತ್ತವೆ. ಜಾಗ ಬಿಡಿಸಬೇಕು, ಪ್ರತಿ ರಾಡನ್ನೂ ಕೈಯಿಂದ ತಿರುಗಿಸಿ ನೋಡಬೇಕು. 400ರ ಕ್ರ್ಯಾಂಕಿನ ತೂಕದ ಸಮತೋಲ ಹೊರಗಿನ ಡ್ಯಾಂಪರ್ ಮತ್ತು ಫ್ಲೈವೀಲ್‌ಗಳನ್ನು ಅವಲಂಬಿಸಿದೆ. ಹಳೆಯ 350ರ ಫ್ಲೈವೀಲನ್ನೇ ಹಾಕಿದರೆ ಎಂಜಿನ್ ನಡುಗಿ ಬೇರಿಂಗುಗಳನ್ನು ಕೊಲ್ಲುತ್ತದೆ.

ಕಂಪ್ರೆಷನ್ ಲೆಕ್ಕ

ಅಂದಾಜಿಗೆ ಬಿಟ್ಟರೆ ಹೆಚ್ಚು ಹಾನಿ ಆಗುವುದು ಇಲ್ಲಿ. 102.36 ಮಿ.ಮೀ. ಬೋರಿಗೆ ತಂದ 350ರಲ್ಲಿ ಒಂದು ಪಿಸ್ಟನ್ ಗುಡಿಸುವ ಗಾತ್ರ 727 ಸಿಸಿ. ಹೆಡ್ಡಿನ ದಹನಕೋಣೆ 64 ಸಿಸಿ. ಪಿಸ್ಟನ್ನಿನ ತಲೆಯಲ್ಲಿ ವಾಲ್ವಿಗಾಗಿ ಕೊರೆದ ಕುಳಿ 6 ಸಿಸಿ. ಒಂದು ಮಿ.ಮೀ. ದಪ್ಪದ ಹೆಡ್ ಗ್ಯಾಸ್ಕೆಟ್ಟಿನೊಳಗೆ ಸುಮಾರು 8.5 ಸಿಸಿ. ಪಿಸ್ಟನ್ ಮೇಲಿನ ತುದಿಗೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ 0.635 ಮಿ.ಮೀ. ಕೆಳಗೆ ನಿಂತರೆ ಅಲ್ಲಿ 5.2 ಸಿಸಿ. ಎಲ್ಲ ಕೂಡಿ 83.7 ಸಿಸಿ. ಕಂಪ್ರೆಷನ್ ಪ್ರಮಾಣ ಸುಮಾರು 9.7 ಆಗುತ್ತದೆ.

ಬ್ಲಾಕಿನ ಮೇಲ್ಮೈಯನ್ನು ಪಿಸ್ಟನ್ನಿನ ಮಟ್ಟಕ್ಕೆ ಇಳಿಸಿದರೆ ಅದೇ ಪ್ರಮಾಣ 10.3ಕ್ಕೆ ಏರುತ್ತದೆ. ಬ್ಲಾಕನ್ನು ಹಾಗೆಯೇ ಬಿಟ್ಟು, ಹೆಡ್ ಬದಲಿಸಿ 76 ಸಿಸಿ ಕೋಣೆಯದ್ದನ್ನು ಹಾಕಿದರೆ 8.6ಕ್ಕೆ ಕುಸಿಯುತ್ತದೆ. ಹನ್ನೆರಡು ಸಿಸಿ, ಅಂದರೆ ಎರಡೂವರೆ ಚಮಚ ದ್ರವದಷ್ಟು ಜಾಗ, ಇಡೀ ಎಂಜಿನ್ನಿನ ಗುಣವನ್ನೇ ಬದಲಿಸುತ್ತದೆ. ಆದ್ದರಿಂದ ದಹನಕೋಣೆಯ ಗಾತ್ರವನ್ನು ಕ್ಯಾಟಲಾಗಿನಿಂದ ಓದಬಾರದು. ಹೆಡ್ಡಿನ ಮೇಲೆ ಪಾರದರ್ಶಕ ಫಲಕ ಅಂಟಿಸಿ, ಬ್ಯುರೆಟ್ಟಿನಿಂದ ದ್ರವ ಬಿಟ್ಟು ಅಳೆಯಬೇಕು.

ಪ್ರಮಾಣದಷ್ಟೇ ಮುಖ್ಯವಾದದ್ದು ಸ್ಕ್ವಿಶ್, ಅಂದರೆ ಪಿಸ್ಟನ್ನಿನ ಚಪ್ಪಟೆ ಭಾಗಕ್ಕೂ ಹೆಡ್ಡಿನ ಚಪ್ಪಟೆ ಭಾಗಕ್ಕೂ ಮಧ್ಯದ ಸಂದು. ಉಕ್ಕಿನ ರಾಡ್ ಇರುವ ಎಂಜಿನ್ನಿನಲ್ಲಿ ಅದು ಸುಮಾರು 1 ಮಿ.ಮೀ. ಇದ್ದರೆ ಮಿಶ್ರಣ ರಭಸದಿಂದ ಪ್ಲಗ್ಗಿನ ಕಡೆಗೆ ನುಗ್ಗಿ ಬೇಗ, ಸಮನಾಗಿ ಉರಿಯುತ್ತದೆ, ನಾಕಿಂಗ್ ದೂರ ಸರಿಯುತ್ತದೆ. ನಾಕಿಂಗ್ ಎಂದು ಹೆದರಿ ದಪ್ಪ ಗ್ಯಾಸ್ಕೆಟ್ ಹಾಕುವವರು ಸ್ಕ್ವಿಶ್ ಕಳೆದುಕೊಳ್ಳುತ್ತಾರೆ. ಕಂಪ್ರೆಷನ್ ಇಳಿದರೂ ನಾಕಿಂಗ್ ಹಾಗೆಯೇ ಉಳಿಯಬಹುದು. ಪ್ರಮಾಣ ಇಳಿಸಬೇಕಾದರೆ ತಲೆಯಲ್ಲಿ ಕುಳಿ ಇರುವ ಪಿಸ್ಟನ್ ಆರಿಸಿಕೊಳ್ಳುವುದೇ ಸರಿ.

ಹೆಡ್, ವಾಲ್ವ್, ಕ್ಯಾಮ್

ಎಂಜಿನ್ ಉಸಿರಾಡುವುದು ಹೆಡ್ಡಿನ ಮೂಲಕ. ಪೋರ್ಟ್ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಅತಿ ದೊಡ್ಡ ಪೋರ್ಟಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಸತ್ತು ಎಳೆತ ಹೋಗುತ್ತದೆ. ಹೆಚ್ಚು ಲಾಭ ಸಿಗುವುದು ವಾಲ್ವ್ ಸೀಟಿನ ಕೆಳಗಿನ ತಿರುವಿನಲ್ಲಿ. ಅಲ್ಲಿನ ಎರಕದ ಉಬ್ಬುತಗ್ಗು ತೆಗೆದು, ಸೀಟಿಗೆ 30, 45, 60 ಡಿಗ್ರಿಗಳ ಮೂರು ಕೋನ ಕೊಡಿಸಿದರೆ ಗಾಳಿ ಸರಾಗವಾಗಿ ತಿರುಗುತ್ತದೆ. ಇನ್‌ಟೇಕ್ ಪೋರ್ಟನ್ನು ಕನ್ನಡಿಯಂತೆ ಹೊಳೆಸುವುದರಿಂದ ಶಕ್ತಿ ಹೆಚ್ಚುವುದಿಲ್ಲ.

ಕ್ಯಾಮ್‌ಶಾಫ್ಟನ್ನು ಎಲ್ಲ ಭಾಗಗಳಿಗಿಂತ ಮೊದಲು ಕೊಳ್ಳುವುದು ಸಾಮಾನ್ಯ ಅಭ್ಯಾಸ. ಆದರೆ ಕಂಪ್ರೆಷನ್, ಹೆಡ್, ಕಾರಿನ ತೂಕ, ಗೇರಿನ ಅನುಪಾತ ಗೊತ್ತಾದ ಮೇಲಷ್ಟೇ ಅದನ್ನು ಆರಿಸಬೇಕು. ವಾಲ್ವ್ ಹೆಚ್ಚು ಹೊತ್ತು ತೆರೆದಿರುವ ಕ್ಯಾಮ್ ಹೆಚ್ಚಿನ ಆರ್‌ಪಿಎಂನಲ್ಲಿ ಸಿಲಿಂಡರ್ ತುಂಬುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ತುಂಬಿದ್ದನ್ನೇ ವಾಪಸು ತಳ್ಳುತ್ತದೆ, ಐಡ್ಲಿಂಗ್ ಕೆಡಿಸುತ್ತದೆ, ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಕಡಿಮೆ ಮಾಡುತ್ತದೆ. ಸ್ಪ್ರಿಂಗುಗಳು ಕ್ಯಾಮ್ ತಯಾರಕರು ಹೇಳಿದವೇ ಆಗಿರಬೇಕು. ವಾಲ್ವ್ ಪೂರ್ತಿ ತೆರೆದಾಗಲೂ ಸ್ಪ್ರಿಂಗಿನ ಸುತ್ತುಗಳ ನಡುವೆ ಒಟ್ಟು 1.5 ಮಿ.ಮೀ.ನಷ್ಟು ಸಂದು ಉಳಿಯಬೇಕು. ಪಿಸ್ಟನ್ನಿಗೂ ಇನ್‌ಟೇಕ್ ವಾಲ್ವಿಗೂ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್ ವಾಲ್ವಿಗೆ 2.5 ಮಿ.ಮೀ. ಅಂತರ ಬೇಕು. ಪಿಸ್ಟನ್ನಿನ ತಲೆಗೆ ಮೆದು ಜೇಡಿ ಮೆತ್ತಿ, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಜೇಡಿಯ ದಪ್ಪ ನೋಡುವ ಹಳೆಯ ವಿಧಾನ ಇವತ್ತಿಗೂ ನಂಬಿಕಸ್ಥ.

ಸಂದುಗಳು, ಸ್ವಚ್ಛತೆ, ಜೋಡಣೆ

ಬೇರಿಂಗಿಗೆ ಜರ್ನಲ್ಲಿನ ವ್ಯಾಸದ ಸಾವಿರದ ಒಂದು ಭಾಗದಷ್ಟು ಎಣ್ಣೆಯ ಸಂದು ಎಂಬುದು ಹಳೆಯ ಸೂತ್ರ. 62.2 ಮಿ.ಮೀ. ಮೇನ್ ಜರ್ನಲ್ಲಿಗೆ 0.06 ಮಿ.ಮೀ. ಆಯಿತು. ರಿಂಗಿನ ಬಾಯಿಯ ಸಂದು ರಸ್ತೆಯ ಎಂಜಿನ್ನಿಗೆ ಬೋರಿನ ಸಾವಿರದ ನಾಲ್ಕು ಭಾಗ, ಈ ಎಂಜಿನ್ನಿಗೆ 0.41 ಮಿ.ಮೀ. ಟರ್ಬೊ ಇದ್ದರೆ ಇನ್ನೂ ಹೆಚ್ಚು. ಸಂದು ತುಸು ಹೆಚ್ಚಾದರೆ ಗೊತ್ತಾಗದಷ್ಟು ಶಕ್ತಿ ಸೋರುತ್ತದೆ. ಕಡಿಮೆಯಾದರೆ ಬಿಸಿಯಲ್ಲಿ ರಿಂಗಿನ ಎರಡು ತುದಿಗಳು ತಾಗಿ ಪಿಸ್ಟನ್ನಿನ ಅಂಚನ್ನೇ ಕಿತ್ತೊಗೆಯುತ್ತವೆ.

ಹೋನ್ ಮಾಡಿದ ಬ್ಲಾಕನ್ನು ಪೆಟ್ರೋಲಿನಿಂದ ಒರೆಸಿದರೆ ಸಾಣೆಪುಡಿ ಗೀರುಗಳೊಳಗೇ ಉಳಿಯುತ್ತದೆ. ಬಿಸಿನೀರು, ಸಾಬೂನು, ಬ್ರಷ್ ಹಾಕಿ ಉಜ್ಜಿ, ಎಣ್ಣೆ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಬೂದು ಬಣ್ಣ ಹತ್ತುವುದು ನಿಲ್ಲುವವರೆಗೆ ತೊಳೆಯುವುದು ಮುಗಿದಿಲ್ಲ. ಹೊಸ ಭಾಗಗಳು ಬೇಗ ಹಾಳಾಗುವುದಕ್ಕೆ ಕಳಪೆ ಲೋಹಕ್ಕಿಂತ ಈ ಪುಡಿಯೇ ಹೆಚ್ಚು ಕಾರಣ.

ಸ್ಮಾಲ್ ಬ್ಲಾಕಿನ ಆಯಿಲ್ ಪಂಪು ಡಿಸ್ಟ್ರಿಬ್ಯೂಟರಿನ ದಂಡದಿಂದ ತಿರುಗುತ್ತದೆ. ಡಿಸ್ಟ್ರಿಬ್ಯೂಟರ್ ಹಾಕುವ ಮೊದಲು ಆ ರಂಧ್ರದಿಂದ ಡ್ರಿಲ್ ಯಂತ್ರದಲ್ಲಿ ಪಂಪು ತಿರುಗಿಸಿ, ಎಲ್ಲ ರಾಕರುಗಳಿಗೂ ಎಣ್ಣೆ ಬಂದ ಮೇಲೆ ಸ್ಟಾರ್ಟ್ ಮಾಡುತ್ತಾರೆ. ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್ ಇದ್ದರೆ ಸತು ಮತ್ತು ರಂಜಕ ಸೇರಿದ ಎಣ್ಣೆ ಬೇಕು. ಸ್ಟಾರ್ಟ್ ಆದೊಡನೆ ಐಡ್ಲಿಂಗಿಗೆ ಬಿಡದೆ ಸುಮಾರು 20 ನಿಮಿಷ 2000–2500 ಆರ್‌ಪಿಎಂನಲ್ಲಿ ಓಡಿಸಬೇಕು. ರೋಲರ್ ಟ್ಯಾಪೆಟ್ಟಿಗೆ ಈ ಕಟ್ಟುಪಾಡಿಲ್ಲ. ಮೊದಲ ಎಣ್ಣೆಯನ್ನು ಬೇಗ ಬಸಿದು, ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡುವುದು ಒಳ್ಳೆಯದು.

ಕರ್ನಾಟಕದಲ್ಲಿ ಎರಡು-ಸ್ಟ್ರೋಕ್ ಎಂಜಿನ್ನುಗಳು

ನಮ್ಮಲ್ಲಿ ಈ ಆಸಕ್ತಿ ಹೆಚ್ಚಾಗಿ ಬೈಕುಗಳ ಸುತ್ತ ಬೆಳೆದಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಯಮಹಾ ಆರ್‌ಎಕ್ಸ್ 100 ಭಾರತದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಎರಡನ್ನೂ ಇಂದಿಗೂ ಬಿಚ್ಚಿ ಕಟ್ಟುವವರಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವವರೂ ಇದ್ದಾರೆ.

ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಪಿಕಪ್ ಏರುತ್ತದೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಆರ್‌ಎಕ್ಸ್ 100ರ ಬೋರ್ 50, ಸ್ಟ್ರೋಕ್ 50 ಮಿ.ಮೀ., ಗಾತ್ರ 98 ಸಿಸಿ. ಬೋರ್ 50.5 ಆದರೆ ಗಾತ್ರ 100 ಸಿಸಿ, ಕೇವಲ ಶೇ. 2 ಹೆಚ್ಚು. ಬೋರ್ ಮಾಡಿಸಿದ ಮೇಲೆ ಕಾಣುವ ಸುಧಾರಣೆ ಸವೆತ ಹೋದದ್ದರಿಂದ ಬಂದದ್ದು. ಎರಡು-ಸ್ಟ್ರೋಕಿನ ನಿಜವಾದ ಶಕ್ತಿ ಪೋರ್ಟ್ ತೆರೆಯುವ ಹೊತ್ತಿನಲ್ಲೂ ಸೈಲೆನ್ಸರಿನ ಆಕಾರದಲ್ಲೂ ಇದೆ. ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಕೊರೆದರೆ ಶಕ್ತಿ ಹೆಚ್ಚಿನ ಆರ್‌ಪಿಎಂಗೆ ಸರಿಯುತ್ತದೆ, ಕೆಳಗಿನ ಎಳೆತ ಹೋಗುತ್ತದೆ.

ಆರ್‌ಎಕ್ಸ್ 7500 ಆರ್‌ಪಿಎಂನಲ್ಲಿ ತಿರುಗುವಾಗ ಅದರ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕಿನ ಜಾವಾ 250 ಆ ವೇಗವನ್ನು 5000ದಲ್ಲೇ ಮುಟ್ಟುತ್ತದೆ. ಜಾವಾವನ್ನು ಆರ್‌ಎಕ್ಸಿನಂತೆ ಕೂಗಿಸಲು ಹೋಗುವುದು ಆ ಎಂಜಿನ್ನಿಗೆ ಮಾಡುವ ಅನ್ಯಾಯ. ಅದಕ್ಕೆ ಬೇಕಾದದ್ದು ನೇರವಾಗಿ ಪ್ರೆಸ್ ಮಾಡಿದ ಕ್ರ್ಯಾಂಕ್, ಗಾಳಿ ಎಳೆಯದ ಆಯಿಲ್ ಸೀಲ್, ಸರಿಯಾದ ಸ್ಕ್ವಿಶ್, ಅಂಚು ಸವರಿದ ಪೋರ್ಟು. ಸೀಲ್ ಸೋರಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಹೊಸ ಪಿಸ್ಟನ್ ಸೀಜ್ ಆಗುತ್ತದೆ. ಎರಡು ಸೀಲುಗಳ ಬೆಲೆ ಪಿಸ್ಟನ್ನಿಗಿಂತ ಬಹಳ ಕಡಿಮೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟು ನೋಂದಣಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಪೋರ್ಟ್ ಕೊರೆದು ಓಟದ ಕಣಕ್ಕೆ ಇಳಿಸುವವರು ಆ ಕೆಲಸಕ್ಕೆ ಬೇರೊಂದು ಸಿಲಿಂಡರ್ ತೆಗೆದುಕೊಳ್ಳಲಿ. ಬೋರ್ ಕೆಟ್ಟರೆ ಸ್ಲೀವ್ ಹಾಕಿಸಬಹುದು, ತಪ್ಪಾಗಿ ಕೊರೆದ ಪೋರ್ಟನ್ನು ಮೊದಲಿನಂತೆ ಮಾಡುವುದು ಬಹಳ ಕಷ್ಟ. ಮೈಸೂರಿನ ಆ ಕಾರ್ಖಾನೆಯಿಂದ ಇನ್ನೊಂದು ಸಿಲಿಂಡರ್ ಬರುವುದಿಲ್ಲ. ಬೈಕಿನ ಜೊತೆ ಬಂದ ಮೂಲ ಸಿಲಿಂಡರಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಎತ್ತಿಡಿ.